ಅಂಗಿಯನ್ನು ಒಂದೇ ಸಾಲಿನಲ್ಲಿ ಮುಗಿಸಬೇಡಿ

ಪ್ರಿಯರೆ,

ನಿಮ್ಮ ‘ಕೈಲಾಸದಲ್ಲಿ ಅಪ್ಪ’ ಪ್ರಬಂಧ ಓದಿದೆ. ತಂದೆಯವರ ವರ್ಷಾಂತಿಕ ಮುಗಿಸಿ ಮಾನಸ ಸರೋವರ ಯಾತ್ರೆಗೆ ಹೊರಟು, ಅವರ ಅಂಗಿಯೊಂದನ್ನು ಕೈಲಾಸ ಪರಿಕ್ರಮದ ದಾರಿಯಲ್ಲಿ ಬಿಟ್ಟುಬಂದಿದ್ದೀರಿ. ಭಾಷೆ ಸ್ವಚ್ಛವಾಗಿದೆ. ಟಿಬೆಟ್ಟಿನ ಗಡಿಪಟ್ಟಣ ತಕ್ಲಾಕೋಟ್‌ನಲ್ಲಿ ದೇಹ ಎತ್ತರಕ್ಕೆ ಹೊಂದಿಕೊಳ್ಳಲೆಂದು ಕಾದ ದಿನಗಳ ಬೇಸರವೂ ಚೆನ್ನಾಗಿ ಬಂದಿದೆ. ಆದರೆ ಈಗಿರುವ ಹಾಗೆ ಪ್ರಕಟಿಸಲಾರೆ. ಎರಡು ಕಡೆ ನನಗೆ ಸಿಟ್ಟೇ ಬಂತು.

ಮೊದಲನೆಯದು ಈ ಸಾಲು: “ದಿರಾಪುಕ್‌ನಿಂದ ಏರುತ್ತಿದ್ದಂತೆ ಪ್ರತಿ ಹೆಜ್ಜೆಯಲ್ಲೂ ಅಪ್ಪನ ನೆನಪು ಉಕ್ಕಿ ಬಂತು.” ನಂಬಲಿಲ್ಲ. ಪರಿಕ್ರಮದ ಮೊದಲ ರಾತ್ರಿ ತಂಗುವ ದಿರಾಪುಕ್ ಇರುವುದೇ ಸುಮಾರು 5,000 ಮೀಟರ್ ಎತ್ತರದಲ್ಲಿ. ಅಲ್ಲಿಂದ ಏರಿ ದಾಟಬೇಕಾದ, ಪರಿಕ್ರಮದಲ್ಲೇ ಅತಿ ಎತ್ತರದ ಡೋಲ್ಮಾ ಪಾಸ್ 5,630ರ ಆಸುಪಾಸು. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು, ಆದ್ದರಿಂದ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕವೂ ಅರ್ಧ. ಕತ್ತಲಲ್ಲಿ ತಲೆಗೆ ಟಾರ್ಚ್ ಕಟ್ಟಿಕೊಂಡು ಹೊರಟವರಿಗೆ ಇಪ್ಪತ್ತು ಹೆಜ್ಜೆಗೊಮ್ಮೆ ಕೋಲಿನ ಮೇಲೆ ಬಗ್ಗಿ ನಿಲ್ಲಬೇಕಾಗುತ್ತದೆ. ಒಣಗಾಳಿಗೆ ಗಂಟಲು ಸೀಳಿದಂತಾಗುತ್ತದೆ, ಹಣೆಯ ಹಿಂದೆ ನೋವು ಕುಳಿತಿರುತ್ತದೆ, ಬಾಟಲಿಯ ಬಾಯಲ್ಲಿ ನೀರು ಹೆಪ್ಪುಗಟ್ಟಿರುತ್ತದೆ. ಆಗ ಮನಸ್ಸು ಹಿಡಿದುಕೊಳ್ಳುವುದು ಮುಂದಿನ ಕಲ್ಲನ್ನು, ಮುಂದೆ ಹೋಗುತ್ತಿರುವವರ ಬೂಟಿನ ಹಿಮ್ಮಡಿಯನ್ನು. ಅಪ್ಪನಿಗಾಗಿಯೇ ಹೋದ ಮಗಳಿಗೆ ಆ ಎರಡು ಮೂರು ಗಂಟೆ ಅಪ್ಪ ನೆನಪಾಗದೇ ಹೋಗಿದ್ದರೆ, ಅದನ್ನೇ ಬರೆಯಿರಿ. ದುಃಖದ ಬಗ್ಗೆ ಅದಕ್ಕಿಂತ ನಿಜವಾದ ಮಾತು ನಿಮ್ಮ ಹನ್ನೊಂದು ಪುಟಗಳಲ್ಲಿ ಇಲ್ಲ.

ಅದೇ ಪುಟದಲ್ಲಿ “ಶಿಖರದ ಮೇಲೆ ನಿಂತು ಅಪ್ಪಾ ಎಂದು ಕೂಗಿದೆ, ಕೈಲಾಸ ಮಾರ್ದನಿಸಿತು” ಎಂದಿದ್ದೀರಿ. ಡೋಲ್ಮಾ ಶಿಖರವಲ್ಲ, ಕಣಿವೆಯಿಂದ ಕಣಿವೆಗೆ ದಾಟುವ ದಾರಿ. 6,638 ಮೀಟರಿನ ಕೈಲಾಸವನ್ನು ಯಾತ್ರಿಕರು ಹತ್ತುವುದಿಲ್ಲ, ಸುತ್ತುತ್ತಾರೆ. ಆ ಎತ್ತರದಲ್ಲಿ ಕೂಗಿದರೆ ಮೊದಲು ಬರುವುದು ಕೆಮ್ಮು. ಮಧ್ಯಾಹ್ನದೊಳಗೆ ಹವೆ ಕೆಡಬಹುದೆಂದು ಗೈಡ್‌ಗಳೂ ಅಲ್ಲಿ ಹೆಚ್ಚು ಹೊತ್ತು ನಿಲ್ಲಲು ಬಿಡುವುದಿಲ್ಲ.

ಇನ್ನು ನನ್ನನ್ನು ನಿಜಕ್ಕೂ ಕಲಕಿದ್ದು: “ಶಿವಸ್ಥಲದಲ್ಲಿ ಅಪ್ಪನ ಅಂಗಿಯನ್ನಿಟ್ಟು ಮುಂದೆ ನಡೆದೆ.” ಇಷ್ಟೇ! ಡೋಲ್ಮಾಗೆ ಮೊದಲು ಸಿಗುವ, ಯಾತ್ರಿಕರು ಬಟ್ಟೆ ಬಿಟ್ಟುಹೋಗುವ ಜಾಗ ಅದು. ಇಡೀ ಪ್ರಬಂಧ ಇರುವುದು ಇಲ್ಲಿ, ನೀವು ಒಂದು ಸಾಲು ಕೊಟ್ಟು ದಾಟಿದ್ದೀರಿ. ನಾನು ಕೆಲಸ ಕಲಿತ ಪತ್ರಿಕೆಯ ಹಿರಿಯ ಉಪಸಂಪಾದಕರು ಇಂಥ ಸಾಲಿನ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ “ಕೈ ಏನು ಮಾಡುತ್ತಿತ್ತು?” ಎಂದಷ್ಟೇ ಗೀಚಿ ಕರಡನ್ನು ವಾಪಸು ಕಳಿಸುತ್ತಿದ್ದರು. ಉತ್ತರ ಬರೆದರೆ ಪ್ಯಾರಾ ತಾನೇ ಬೆಳೆಯುತ್ತಿತ್ತು. ಅದನ್ನೇ ನಿಮ್ಮನ್ನೂ ಕೇಳುತ್ತೇನೆ. ಅಂಗಿ ಬ್ಯಾಗಿನ ತಳದಲ್ಲಿತ್ತೋ, ಜಾಕೆಟ್ಟಿನೊಳಗೆ ಮೈಗೆ ತಾಗಿಕೊಂಡಿತ್ತೋ? ಒಗೆದದ್ದೋ, ಅವರು ಕೊನೆಗೆ ತೊಟ್ಟು ಬಿಚ್ಚಿಟ್ಟದ್ದೋ? ತೆಗೆಯಲು ಕೈಗವಸು ಕಳಚಿದಿರಾ? ಆ ಚಳಿಗೆ ಬೆರಳು ಬೇಗನೆ ಮರಗಟ್ಟುತ್ತದೆ. ಅಲ್ಲಿ ಬಂಡೆಗಳಿಗೇ ಟೋಪಿ, ಸ್ವೆಟರು ತೊಡಿಸಿರುತ್ತಾರೆ, ಸುತ್ತ ಬಣ್ಣಗೆಟ್ಟ ಬಟ್ಟೆಗಳ ರಾಶಿ. ಆ ರಾಶಿಯಲ್ಲಿ ಜಾಗ ಹೇಗೆ ಆರಿಸಿದಿರಿ? ಗಾಳಿಗೆ ಹಾರದಂತೆ ಕಲ್ಲು ಹೇರಬೇಕಾಯಿತೇ?

ಇನ್ನೊಂದು ಮಾತು. ಶಿವಸ್ಥಲದಲ್ಲಿ ಟಿಬೆಟಿಯನ್ನರು ಬಿಡುವುದು ತಮ್ಮದೇ ಬಟ್ಟೆ, ತಮ್ಮದೇ ಕೂದಲು. ಅಲ್ಲಿ ತಾನು ಸತ್ತಂತೆ, ಡೋಲ್ಮಾ ದಾಟಿದ ಮೇಲೆ ಮರುಹುಟ್ಟು ಎಂಬುದು ನಂಬಿಕೆ. ನೀವು ನಿಮ್ಮದನ್ನಲ್ಲ, ಅಪ್ಪನದನ್ನು ಬಿಟ್ಟಿರಿ. ಅದು ಗೊತ್ತಿದ್ದೇ ಮಾಡಿದ್ದೋ, ಅಲ್ಲಿ ಯಾರಾದರೂ ಹೇಳಿದರೋ, ಹೇಳಿದ ಮೇಲೂ ಅಂಗಿಯನ್ನೇ ಇಟ್ಟಿರೋ? ನನಗೆ ಗೊತ್ತಾಗಬೇಕು.

ಡೋಲ್ಮಾ ದಾಟಿದೊಡನೆ “ಮನಸ್ಸು ಹಗುರವಾಯಿತು” ಎಂದು ಮುಗಿಸಿದ್ದೀರಿ. ಎತ್ತರದಿಂದ ಇಳಿದ ಯಾರಿಗೂ ಹಗುರವಾಗುತ್ತದೆ, ಆಮ್ಲಜನಕ ಹೆಚ್ಚುತ್ತದೆ, ತಲೆನೋವು ಬಿಡುತ್ತದೆ. ಅದನ್ನು ದುಃಖದ ಲೆಕ್ಕಕ್ಕೆ ಜಮಾ ಮಾಡುವ ಮೊದಲು ಮುಂದಿನ ದಾರಿ ನಡೆಯಿರಿ. ಗೌರಿಕುಂಡ ಸರೋವರದ ಪಕ್ಕದ ಇಳಿಜಾರು ಬರೀ ಬಂಡೆಗಳು. ಕುದುರೆಯ ಮೇಲೆ ಬಂದವರೂ ಅಲ್ಲಿ ಇಳಿದು ನಡೆಯಲೇಬೇಕು, ಮಂಡಿ ನಡುಗುತ್ತದೆ. ಅದು ಮುಗಿದ ಮೇಲೆ ಆ ರಾತ್ರಿಯ ತಂಗುದಾಣ ಜುತುಲ್‌ಪುಕ್‌ವರೆಗೆ ಗಂಟೆಗಟ್ಟಲೆ ಹೆಚ್ಚುಕಡಿಮೆ ಸಮತಟ್ಟಾದ ಕಣಿವೆ. ಉಸಿರು ಹಿಡಿತಕ್ಕೆ ಬಂದು, ನೋಡುವುದಕ್ಕೆ ಹೊಸದೇನೂ ಇಲ್ಲದ ಆ ದಾರಿಯಲ್ಲಿ, ಬ್ಯಾಗಿನಲ್ಲಿ ಅಂಗಿಯೂ ಇಲ್ಲದಿದ್ದಾಗ ನಿಮಗೇನಾಯಿತು? ಅಪ್ಪ ನೆನಪಾಗುವುದಿದ್ದರೆ ಅಲ್ಲಿ ಆಗಿರಬೇಕು.

ಕಠ್ಮಂಡುವಿನಿಂದ ಪರಿಕ್ರಮ ಶುರುವಾಗುವ ದಾರ್ಚೆನ್‌ವರೆಗಿನ ಪುಟಗಳನ್ನು ತೆಗೆದುಹಾಕಿ. ದಿರಾಪುಕ್‌ನ ಬೆಳಗಿನಿಂದ ಜುತುಲ್‌ಪುಕ್‌ನ ಸಂಜೆಯವರೆಗೆ, ಒಂದೇ ದಿನ, ಸಾವಿರದಿನ್ನೂರು ಪದ. ಮತ್ತೆ ಬರೆದು ಕಳಿಸಿದರೆ ನಾನೇ ಓದುತ್ತೇನೆ.

— ಸಂಪಾದಕ