ಬ್ಯಾಟರಿ ಹೊಸದು, ಆಲ್ಟರ್ನೇಟರ್ ಹೊಸದು, ಆದರೂ ಚಾರ್ಜ್ ಆಗುತ್ತಿಲ್ಲ. ಏನಿರಬಹುದು?

ಬ್ಯಾಟರಿ ಬದಲಾಯಿಸಿದಿರಿ, ಆಮೇಲೆ ಆಲ್ಟರ್ನೇಟರನ್ನೂ (ಎಂಜಿನ್ ಓಡುವಾಗ ಕರೆಂಟು ಹುಟ್ಟಿಸಿ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಬದಲಾಯಿಸಿದಿರಿ, ಆದರೂ ಎಂಜಿನ್ ಓಡುವಾಗ ಬ್ಯಾಟರಿ ಮೇಲೆ ಬರೀ 12.1 ವೋಲ್ಟ್, ಎರಡು ದಿನಕ್ಕೊಮ್ಮೆ ಗಾಡಿ ತಳ್ಳುವ ಕೆಲಸ. ಇಷ್ಟೆಲ್ಲ ಬರೆದು ಕೊನೆಗೆ ಸುಮ್ನೆ ಒಂದು ಸಾಲು ಸೇರಿಸಿದ್ದೀರಿ: "ಬ್ಯಾಟರಿ ದೀಪ ಮಾತ್ರ ಯಾವತ್ತೂ ಹತ್ತಿಲ್ಲ, ಕೀ ಆನ್ ಮಾಡಿದಾಗಲೂ." ಅಯ್ಯೋ, ಅದನ್ನೇ ಮೊದಲು ಬರೆಯಬೇಕಿತ್ತು. ಡ್ಯಾಶ್‌ಬೋರ್ಡಿನ ಆ ದೀಪ ಹತ್ತದೇ ಇರುವುದು ಒಳ್ಳೆಯ ಸುದ್ದಿ ಅಂತ ನೀವು ಅಂದುಕೊಂಡ ಹಾಗಿದೆ. ನನ್ನ ಪ್ರಕಾರ ನಿಮ್ಮ ಕಾಯಿಲೆ ಅದೇ.

ನಾನೂ ಇದೇ ಹಳ್ಳಕ್ಕೆ ಬಿದ್ದವನು. ನನ್ನ ಹಳೇ ಕಾರು ಹೀಗೇ ಮಾಡುತ್ತಿತ್ತು, ಗ್ಯಾರೇಜಿನವರು ಬಾನೆಟ್ ಎತ್ತಿ ಒಂದು ಸಲ ಇಣುಕಿ ಡೈನಮೋ ಹೋಗಿದೆ ಅಂದರು (ಮೆಕ್ಯಾನಿಕ್‌ಗಳ ಬಾಯಲ್ಲಿ ಆಲ್ಟರ್ನೇಟರಿಗೂ ಡೈನಮೋ ಅಂತಲೇ ಹೆಸರು), ನಾನು ಹಾಕಿಸಿದೆ, ಏನೂ ಬದಲಾಗಲಿಲ್ಲ. ಕೊನೆಗೆ ಒಂದು ಭಾನುವಾರ ಮೀಟರ್ ಪ್ಯಾನೆಲ್ ಬಿಚ್ಚಿದರೆ ಬೆರಳ ತುದಿಯಷ್ಟಿನ ಒಂದು ಬಲ್ಬು ಸುಟ್ಟಿತ್ತು. ಅಷ್ಟೇ. ತೆಗೆದಿಟ್ಟಿದ್ದ ಹಳೇ ಡೈನಮೋ ಇವತ್ತಿಗೂ ನನ್ನ ಹತ್ತಿರ ಇದೆ, ಅದು ಚೆನ್ನಾಗಿಯೇ ಇದೆ.

ಬಲ್ಬಿಗೂ ಚಾರ್ಜಿಂಗಿಗೂ ಏನು ಸಂಬಂಧ ಅಂತ ಕೇಳಬಹುದು. ಆಲ್ಟರ್ನೇಟರ್ ಒಳಗೆ ಸಾಮಾನ್ಯವಾಗಿ ಕಾಯಂ ಮ್ಯಾಗ್ನೆಟ್ ಇರುವುದಿಲ್ಲ. ತಿರುಗುವ ರೋಟರ್ ಮೇಲೆ ತಂತಿ ಸುತ್ತಿರುತ್ತಾರೆ, ಕಾರ್ಬನ್ ಬ್ರಶ್ ಮೂಲಕ ಅದಕ್ಕೆ ಕರೆಂಟು ಕೊಟ್ಟಾಗ ಮಾತ್ರ ಅದು ಮ್ಯಾಗ್ನೆಟ್ ಆಗುತ್ತದೆ. ಒಮ್ಮೆ ಕೆಲಸ ಶುರುವಾದ ಮೇಲೆ ತನಗೆ ಬೇಕಾದ ಕರೆಂಟನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಆದರೆ ಮೊದಲ ಹನಿ ಯಾರಾದರೂ ಕೊಡಬೇಕಲ್ವಾ? ಹಳೇ ಮಾದರಿಯ ಬಹಳಷ್ಟು ಗಾಡಿಗಳಲ್ಲಿ ಅದನ್ನು ಕೊಡುವುದು ಕೀ ಸ್ವಿಚ್ಚಿನಿಂದ ಆ ದೀಪದ ಮೂಲಕವೇ ಹಾದು ಬರುವ ಒಂದು ತೆಳು ವೈರು. ಎಂಜಿನ್ ನಿಂತಿದ್ದಾಗ ಕರೆಂಟು ದೀಪ ದಾಟಿ ರೋಟರಿಗೆ ಹೋಗಿ ಗಾಡಿಯ ಬಾಡಿ ಸೇರುತ್ತದೆ, ದೀಪ ಹತ್ತುತ್ತದೆ. ಆಲ್ಟರ್ನೇಟರ್ ಎದ್ದ ಮೇಲೆ ದೀಪದ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ವೋಲ್ಟ್, ಕರೆಂಟಿಗೆ ಹರಿಯಲು ಕಾರಣವೇ ಇಲ್ಲ, ದೀಪ ಆರುತ್ತದೆ. ಬಲ್ಬು ಸುಟ್ಟರೆ, ಆ ವೈರು ತುಂಡಾದರೆ, ಇಲ್ಲಾ ಅದರ ಫ್ಯೂಸ್ ಹೋದರೆ ಎಷ್ಟು ಹೊಸ ಆಲ್ಟರ್ನೇಟರ್ ತಂದು ಕಟ್ಟಿದರೂ ಅದು ಮಲಗೇ ಇರುತ್ತದೆ. ಕೆಲವು ಗಾಡಿಗಳಲ್ಲಿ ಬಲ್ಬಿನ ಪಕ್ಕದಲ್ಲೇ ಒಂದು ರೆಸಿಸ್ಟರ್ ಹಾಕಿರುತ್ತಾರೆ, ಅಂಥವುಗಳಲ್ಲಿ ಬಲ್ಬು ಹೋದರೂ ಚಾರ್ಜ್ ಆಗುತ್ತದೆ. ಇನ್ನೊಂದು ಮಾತು, ಯಾರಾದರೂ ಅಂದಕ್ಕೆ ಅಂತ ಮೀಟರ್ ಬಲ್ಬುಗಳನ್ನೆಲ್ಲ ಎಲ್‌ಇಡಿಗೆ ಬದಲಾಯಿಸಿದ್ದಾರಾ ನೋಡಿ. ಎಲ್‌ಇಡಿ ಎಳೆಯುವ ಕರೆಂಟು ಬಹಳ ಕಡಿಮೆ, ರೋಟರನ್ನು ಎಬ್ಬಿಸಲು ಅದು ಸಾಲದೇ ಹೋಗಬಹುದು.

ಇದು ಹೌದಾ ಅಲ್ಲವಾ ನೋಡಲು ಒಂದು ಸುಲಭ ದಾರಿ ಇದೆ. ಮಲ್ಟಿಮೀಟರ್ (ವೋಲ್ಟ್ ಅಳೆಯುವ ಮೀಟರ್) ಬ್ಯಾಟರಿಗೆ ಕಚ್ಚಿಸಿ, ಎಂಜಿನ್ ಸ್ಟಾರ್ಟ್ ಮಾಡಿ, ನಿಧಾನವಾಗಿ 2500-3000 ಆರ್‌ಪಿಎಂವರೆಗೆ ರೇಸ್ ಮಾಡಿ. 12.1ರಲ್ಲಿದ್ದ ರೀಡಿಂಗ್ ಒಮ್ಮೆಗೇ 14ಕ್ಕೆ ಜಿಗಿದು, ಆಕ್ಸಿಲರೇಟರ್ ಬಿಟ್ಟ ಮೇಲೂ ಅಲ್ಲೇ ನಿಂತರೆ ಆಲ್ಟರ್ನೇಟರಿನದು ತಪ್ಪಿಲ್ಲ, ಅದಕ್ಕೆ ಮೊದಲ ಹನಿ ಸಿಗುತ್ತಿಲ್ಲ ಅಷ್ಟೇ. ರೋಟರಿನ ಕಬ್ಬಿಣದಲ್ಲಿ ಉಳಿದಿರುವ ಅಷ್ಟಿಷ್ಟು ಮ್ಯಾಗ್ನೆಟ್ ಗುಣದಿಂದಲೇ ಅದು ಎದ್ದಿರುತ್ತದೆ. ಜಿಗಿಯಲಿಲ್ಲ ಅಂದರೆ ಏನೂ ಸಾಬೀತಾಗಲಿಲ್ಲ, ಆ ಉಳಿಕೆ ಎಲ್ಲ ರೋಟರಿನಲ್ಲೂ ಸಾಕಷ್ಟು ಇರುವುದಿಲ್ಲ.

ಎರಡನೇದು ನನಗೆ ಬಹಳ ಇಷ್ಟದ ಪರೀಕ್ಷೆ. ಎಂಜಿನ್ ಆಫ್, ಕೀ ಆನ್. ಒಂದು ಕಬ್ಬಿಣದ ಸ್ಕ್ರೂಡ್ರೈವರನ್ನು ಆಲ್ಟರ್ನೇಟರ್ ಹಿಂಭಾಗದ ಬೇರಿಂಗ್ ಇರುವ ಜಾಗಕ್ಕೆ ಹತ್ತಿರ ಹಿಡಿಯಿರಿ, ಟರ್ಮಿನಲ್‌ಗಳಿಗೆ ಮಾತ್ರ ತಾಗಿಸಬೇಡಿ. ರೋಟರಿಗೆ ಕರೆಂಟು ಬರುತ್ತಿದ್ದರೆ ಅದು ಸ್ಕ್ರೂಡ್ರೈವರನ್ನು ಚೆನ್ನಾಗಿ ಎಳೆಯುತ್ತದೆ. ಸುಮ್ಮನಿದ್ದರೆ ಕರೆಂಟು ಬರುತ್ತಿಲ್ಲ. ದೀಪದ ಮೂಲಕ ಕರೆಂಟು ಹೋಗುವ ಗಾಡಿಗಳಿಗೆ ಈ ಮಾತು. ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ನಿಯಂತ್ರಿಸುವ ಹೊಸ ಗಾಡಿಗಳಲ್ಲಿ ಎಂಜಿನ್ ತಿರುಗುವವರೆಗೆ ರೋಟರಿಗೆ ಕರೆಂಟನ್ನೇ ಕೊಡದಿರಬಹುದು.

ಎಳೆಯಲಿಲ್ಲ ಅಂದರೆ ಆಲ್ಟರ್ನೇಟರಿನ ಚಿಕ್ಕ ಸಾಕೆಟ್ ಬಿಚ್ಚಿ, ಕೀ ಆನ್ ಇಟ್ಟು, ದೀಪದ ವೈರಿಗೂ ಬಾಡಿಗೂ ನಡುವೆ ವೋಲ್ಟ್ ನೋಡಿ. ಸೊನ್ನೆ ಬಂದರೆ ಬಲ್ಬು, ಫ್ಯೂಸ್, ವೈರು ಈ ಮೂರರಲ್ಲಿ ಒಂದು ಹೋಗಿದೆ. 12 ಬಂತು ಅಂತ ಖುಷಿಪಡಬೇಡಿ, ಇಲ್ಲಿ ಮಲ್ಟಿಮೀಟರ್ ಮೋಸ ಮಾಡುತ್ತದೆ. ಅದು ಹೆಚ್ಚುಕಮ್ಮಿ ಕರೆಂಟನ್ನೇ ಎಳೆಯುವುದಿಲ್ಲ, ಹಾಗಾಗಿ ಹಸಿರು ಕಟ್ಟಿದ, ಒಂದೇ ಎಳೆಯಲ್ಲಿ ನೇತಾಡುತ್ತಿರುವ ವೈರಿನಲ್ಲೂ 12 ತೋರಿಸುತ್ತದೆ. ಒಂದು ಚಿಕ್ಕ ಟೆಸ್ಟ್ ಬಲ್ಬನ್ನು ಆ ವೈರಿಗೂ ಬಾಡಿಗೂ ಕೊಟ್ಟು ನೋಡಿ. ಟೆಸ್ಟ್ ಬಲ್ಬಾಗಲಿ ಡ್ಯಾಶ್‌ಬೋರ್ಡಿನ ದೀಪವಾಗಲಿ ಮಂಕಾಗಿಯಾದರೂ ಹತ್ತಿದರೆ ವೈರು ಸರಿ, ಹಾಗಿದ್ದರೆ ತೊಂದರೆ ಆಲ್ಟರ್ನೇಟರ್ ಒಳಗೆ, ಕಾರ್ಬನ್ ಬ್ರಶ್ ಅಥವಾ ರೆಗ್ಯುಲೇಟರ್ (ವೋಲ್ಟ್ ಹತೋಟಿಯಲ್ಲಿಡುವ ಭಾಗ) ಕಡೆ. ಹೊಸದು ಅಂದ ಮಾತ್ರಕ್ಕೆ ಕೆಟ್ಟಿರಬಾರದು ಅಂತೇನಿಲ್ಲ, ರಿಪೇರಿ ಮಾಡಿ ಹೊಸದರಂತೆ ಮಾರುವುದೂ ಉಂಟು.

ಇಷ್ಟೂ ಸರಿ ಇದ್ದರೆ ಆಲ್ಟರ್ನೇಟರಿನಿಂದ ಬ್ಯಾಟರಿಗೆ ಹೋಗುವ ದಪ್ಪ ವೈರಿಗೆ ಬನ್ನಿ. ಎಂಜಿನ್ ಓಡುವಾಗ ಮಲ್ಟಿಮೀಟರಿನ ಕೆಂಪು ಮುಳ್ಳು (ಪ್ರೋಬ್) ಆಲ್ಟರ್ನೇಟರಿನ ಬಿ ಪ್ಲಸ್ ಬೋಲ್ಟಿಗೆ (ಆ ದಪ್ಪ ವೈರು ಸೇರುವ ಬೋಲ್ಟು), ಕಪ್ಪು ಬ್ಯಾಟರಿ ಮೈನಸ್ಸಿಗೆ. ಅಲ್ಲಿ 14 ಅಥವಾ ಅದಕ್ಕಿಂತ ಜಾಸ್ತಿ, ಬ್ಯಾಟರಿ ಮೇಲೆ ಮಾತ್ರ 12 ಅಂದರೆ ದಾರಿ ಮಧ್ಯೆ ಯಾರೋ ನುಂಗುತ್ತಿದ್ದಾರೆ ಅಂತ ಅರ್ಥ. ಹೆಚ್ಚಾಗಿ ಅದು ಸುಟ್ಟ ಮೇನ್ ಫ್ಯೂಸು. ಬ್ಯಾಟರಿ ಪ್ಲಸ್ಸಿನ ಹತ್ತಿರದ ಡಬ್ಬಿಯಲ್ಲಿ ಪಟ್ಟಿಯ ಹಾಗೆ ಬೋಲ್ಟ್ ಹಾಕಿರುತ್ತಾರೆ, ಯಾರೋ ಜಂಪ್ ಸ್ಟಾರ್ಟ್ ಮಾಡುವಾಗ ಪ್ಲಸ್-ಮೈನಸ್ ತಿರುವು ಮುರುವು ಕೊಟ್ಟಿದ್ದರೆ ಮೊದಲು ಸುಡುವುದು ಅದೇ. ಫ್ಯೂಸು ಚೆನ್ನಾಗಿದ್ದರೆ ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿ, ಒಂದು ಮುಳ್ಳು ಬಿ ಪ್ಲಸ್‌ಗೆ ಇನ್ನೊಂದು ಬ್ಯಾಟರಿ ಪ್ಲಸ್ಸಿಗೆ ಇಟ್ಟು ನೋಡಿ, 0.3 ವೋಲ್ಟಿಗಿಂತ ಜಾಸ್ತಿ ಬರಬಾರದು. ಆಲ್ಟರ್ನೇಟರ್ ಮೈಯಿಂದ ಬ್ಯಾಟರಿ ಮೈನಸ್ಸಿಗೆ 0.2 ದಾಟಬಾರದು. ದಾಟಿದರೆ ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥ್ ಪಟ್ಟಿ ಬಿಚ್ಚಿ ತುಕ್ಕು ಕೆರೆದು ಬಿಗಿ ಮಾಡಿ.

ಕೈ ಹಾಕುವ ಮುಂಚೆ ಒಂದು ಎಚ್ಚರಿಕೆ. ಬಿ ಪ್ಲಸ್ ಬೋಲ್ಟಿನಲ್ಲಿ ಕೀ ಆಫ್ ಇದ್ದರೂ ಬ್ಯಾಟರಿ ಕರೆಂಟು ಇದ್ದೇ ಇರುತ್ತದೆ. ಅದನ್ನು ಬಿಚ್ಚಬೇಕಾದರೆ ಮೊದಲು ಬ್ಯಾಟರಿ ಮೈನಸ್ ಕಳಚಿ, ಇಲ್ಲದಿದ್ದರೆ ಸ್ಪ್ಯಾನರ್ ಬಾಡಿಗೆ ತಾಗಿದ ಕೂಡಲೇ ದೀಪಾವಳಿ. ಇನ್ನು, ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ನೋಡಿ ಅಂತ ಹಳಬರು ಹೇಳಿದರೆ ದಯವಿಟ್ಟು ಕೇಳಬೇಡಿ. ಚಾರ್ಜ್ ಆಗುತ್ತಿರುವ ಹೊತ್ತಿಗೆ ಬ್ಯಾಟರಿ ಕಳಚಿದರೆ ಒಂದು ಕ್ಷಣ ವೋಲ್ಟ್ ಹತ್ತಾರು ಮೇಲಕ್ಕೆ ಚಿಮ್ಮುತ್ತದೆ, ಆಲ್ಟರ್ನೇಟರಿನ ಡಯೋಡ್‌ಗಳೂ ಇಸಿಯುವೂ ಒಟ್ಟಿಗೆ ಹೋಗಬಹುದು.

ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್ ಸಡಿಲ ಇದ್ದರೆ ಸಾಮಾನ್ಯವಾಗಿ ಕೂಗುತ್ತದೆ, ನಿಮ್ಮ ಪ್ರಶ್ನೆಯಲ್ಲಿ ಕೂಗಿನ ಮಾತೇ ಇಲ್ಲ. ಆದರೂ ಕೈಯಿಂದ ಒತ್ತಿ ನೋಡಿ, ಮಿರಿಮಿರಿ ಹೊಳೆಯುತ್ತಿದ್ದರೆ ಜಾರುತ್ತಿದೆ ಅಂತ.

ಇನ್ನು ಈ ಎಲ್ಲ ಪರೀಕ್ಷೆಗೂ ಮುಂಚೆ ಬ್ಯಾಟರಿಯನ್ನು ಹೊರಗಿನ ಚಾರ್ಜರಿನಿಂದ ಒಂದು ರಾತ್ರಿ ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಬಿಟ್ಟು ನೋಡಿದಾಗ 12.6ರ ಆಸುಪಾಸು ನಿಲ್ಲಬೇಕು. ಬರಿದಾದ ಬ್ಯಾಟರಿ ಇಟ್ಟುಕೊಂಡು ಓದಿದ ನಂಬರು ಯಾವುದನ್ನೂ ನಂಬಲಾಗುವುದಿಲ್ಲ. ಎಲ್ಲ ಸರಿಹೋದ ಮೇಲೆ ಐಡಲ್‌ನಲ್ಲಿ 13.8ರಿಂದ 14.5ರ ನಡುವೆ ಇರಬೇಕು, 15 ದಾಟಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿ ಬೇಯುತ್ತಿದೆ. ಗಾಡಿ ತೀರಾ ಹೊಸ ಮಾದರಿಯದಾಗಿದ್ದರೆ ಮಾತ್ರ ಇದು ಬೇರೆ, ಇಂಧನ ಉಳಿಸಲು ಇಸಿಯು ತಾನೇ ವೋಲ್ಟ್ ಇಳಿಸುತ್ತಿರುತ್ತದೆ, ಹೆಡ್‌ಲೈಟ್ ಹಾಕಿ ನೋಡಿದರೆ ಏರುತ್ತದೆ.

ಈಗ ಮೊದಲು ಆ ದೀಪ ನೋಡಿ. ಬಲ್ಬು ಸರಿಯಿದ್ದರೆ ಚಿಕ್ಕ ಸಾಕೆಟ್ಟಿನಲ್ಲಿ ಎಷ್ಟು ವೋಲ್ಟ್ ಬಂತು, ಗಾಡಿ ಯಾವ ವರ್ಷದ್ದು ಅಂತ ತಿಳಿಸಿ, ಮುಂದಿನದು ನೋಡೋಣ.