ವಿದ್ಯಾರ್ಥಿಗಳ ಮನಸ್ಸಿನ ಸಮೀಕ್ಷೆ: ಫಾರ್ಮ್ ಕಳಿಸುವ ಮುಂಚೆ

ಪ್ರಶ್ನೆ: ನಮ್ಮ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಮೊದಲ ಸಲ ಸಮೀಕ್ಷೆ ನಡೆಸಲು ಸಮಿತಿ ಮಾಡಿದ್ದಾರೆ. ಸದಸ್ಯರೆಲ್ಲ ಕೂತು 60 ಪ್ರಶ್ನೆ ಬರೆದಿದ್ದೇವೆ. ಇಷ್ಟು ಸಾಕೇ?

ಅರ್ಧಕ್ಕಿಂತ ಹೆಚ್ಚು ತೆಗೆದುಹಾಕಿ. ಮೊಬೈಲಿನಲ್ಲಿ 60 ಪ್ರಶ್ನೆ ತುಂಬುವ ಹುಡುಗ ನಡುವೆಯೇ ಬಿಟ್ಟುಹೋಗುತ್ತಾನೆ, ಇಲ್ಲವೇ ಮಧ್ಯದ ಉತ್ತರವನ್ನೇ ಸಾಲಾಗಿ ಒತ್ತುತ್ತಾ ಮುಗಿಸುತ್ತಾನೆ. ಬಿಟ್ಟುಹೋದವನು ಲೆಕ್ಕಕ್ಕೆ ಸಿಗುತ್ತಾನೆ. ಸಾಲಾಗಿ ಒತ್ತಿದವನು ಸಿಗುವುದಿಲ್ಲ, ಅವನ ಉತ್ತರವೂ ನಿಮ್ಮ ಸರಾಸರಿಯೊಳಗೆ ಸೇರಿಬಿಡುತ್ತದೆ.

ಪ್ರಶ್ನೆಗಳನ್ನು ನೀವೇ ಬರೆಯುವ ಅಗತ್ಯವೂ ಬಹುಪಾಲು ಇಲ್ಲ. ಖಿನ್ನತೆಯ ಲಕ್ಷಣಗಳಿಗೆ ಪಿಎಚ್‌ಕ್ಯು-9 ಎಂಬ ಸಿದ್ಧ ಪ್ರಶ್ನಾವಳಿ ಇದೆ: ಒಂಬತ್ತು ಪ್ರಶ್ನೆ, ಕಳೆದ ಎರಡು ವಾರಗಳ ಅನುಭವ, 0ಯಿಂದ 27ರವರೆಗೆ ಅಂಕ. ಆತಂಕಕ್ಕೆ ಜಿಎಡಿ-7 ಇದೆ. ನನ್ನನ್ನು ಕೇಳಿದರೆ ಇವೆರಡಕ್ಕೂ ಮೊದಲು ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳ ಡಬ್ಲ್ಯುಎಚ್‌ಒ-5 ಇಡಿ. ಅದರಲ್ಲಿ ಕಾಯಿಲೆಯ ಮಾತೇ ಬರುವುದಿಲ್ಲ. ಎರಡು ವಾರಗಳಲ್ಲಿ ಮನಸ್ಸು ಎಷ್ಟು ಹೊತ್ತು ಉಲ್ಲಾಸವಾಗಿತ್ತು, ನಿದ್ದೆಯಿಂದ ಎದ್ದಾಗ ದಣಿವು ಕಳೆದಿತ್ತೇ, ದಿನಚರಿಯಲ್ಲಿ ಆಸಕ್ತಿ ಹುಟ್ಟಿಸುವ ಸಂಗತಿಗಳಿದ್ದವೇ ಎಂಬಂಥ ಪ್ರಶ್ನೆಗಳಿವೆ. ಬಂದ ಅಂಕವನ್ನು ನಾಲ್ಕರಿಂದ ಗುಣಿಸಿದರೆ 100ಕ್ಕೆ ಲೆಕ್ಕ ಸಿಗುತ್ತದೆ. 50 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕ್ಷೇಮ ಚೆನ್ನಾಗಿಲ್ಲ ಎಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಯಾವ ಕಾಯಿಲೆಯೂ ಇಲ್ಲದೆ, ಆದರೂ ನೆಮ್ಮದಿ ಇಲ್ಲದೆ ಓದುತ್ತಿರುವ ವಿದ್ಯಾರ್ಥಿಗಳು ಬಹಳ ಮಂದಿ. ಅವರು ಕಣ್ಣಿಗೆ ಬೀಳುವುದು ಇಲ್ಲಿಯೇ.

ಈ ಮಾಪನಗಳ ವಾಕ್ಯಗಳನ್ನು ತಿದ್ದಬೇಡಿ. ಸಮಿತಿಯಲ್ಲಿ ಒಬ್ಬರಾದರೂ "ಇದನ್ನು ಸ್ವಲ್ಪ ಚೆಂದ ಮಾಡೋಣ" ಅನ್ನುತ್ತಾರೆ. ಚೆಂದ ಮಾಡಿದ ಮರುಕ್ಷಣ ಬೇರೆ ಅಧ್ಯಯನಗಳ ಜೊತೆ ಹೋಲಿಸುವ ದಾರಿ ಮುಚ್ಚಿಹೋಗುತ್ತದೆ. ನಿಮ್ಮದೇ ಪ್ರಶ್ನೆಗಳನ್ನು ನಿಮ್ಮ ಕ್ಯಾಂಪಸ್ಸಿಗೆ ಸಂಬಂಧಪಟ್ಟ ವಿಷಯಗಳಿಗೆ ಮೀಸಲಿಡಿ: ಆಪ್ತಸಮಾಲೋಚನೆ ಕೇಂದ್ರ ಇರುವುದು ಗೊತ್ತೇ, ಗೊತ್ತಿದ್ದೂ ಹೋಗದಿರಲು ಕಾರಣವೇನು, ಹಣದ ಚಿಂತೆ ಎಷ್ಟು, ರಾತ್ರಿ ಎಷ್ಟು ಗಂಟೆ ನಿದ್ದೆ. ಪ್ರತಿ ಪ್ರಶ್ನೆಯ ಮುಂದೆ "ಇದಕ್ಕೆ ಇಂಥ ಉತ್ತರ ಬಂದರೆ ನಾವು ಏನು ಬದಲಿಸುತ್ತೇವೆ?" ಎಂದು ಬರೆದುಕೊಳ್ಳಿ. ಆ ಜಾಗ ಖಾಲಿ ಉಳಿದರೆ ಪ್ರಶ್ನೆ ಹೋಗಲಿ.

ಪ್ರಶ್ನೆ: ಪಿಎಚ್‌ಕ್ಯು-9ರ ಕೊನೆಯ ಪ್ರಶ್ನೆ ಸಾವಿನ ಆಲೋಚನೆಯ ಬಗ್ಗೆ ಇದೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂದು ಕೆಲವು ಪ್ರಾಧ್ಯಾಪಕರ ವಾದ. ಸಮೀಕ್ಷೆ ಅನಾಮಧೇಯವೂ ಆಗಿರಬೇಕಂತೆ. ಯಾರಾದರೂ "ಹೌದು" ಅಂದರೆ ನಾವೇನು ಮಾಡುವುದು?

ಮೊದಲ ಭಯಕ್ಕೆ ಸಂಶೋಧನೆಯ ಆಧಾರ ಸಿಕ್ಕಿಲ್ಲ. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆತ್ಮಹತ್ಯೆಯ ಬಗ್ಗೆ ಕೇಳಿದರು, ಇನ್ನೊಂದಕ್ಕೆ ಮೊದಲು ಕೇಳಲಿಲ್ಲ. ಕೇಳಿಸಿಕೊಂಡವರಲ್ಲಿ ಸಂಕಟವಾಗಲಿ ಅಂಥ ಆಲೋಚನೆಯಾಗಲಿ ಹೆಚ್ಚಿರಲಿಲ್ಲ. 2014ರಲ್ಲಿ ಇಂಥ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದವರಿಗೂ ಕೇಳುವುದರಿಂದ ಹಾನಿಯಾದ ಪುರಾವೆ ಕಾಣಲಿಲ್ಲ.

ಎರಡನೆಯದು ನಿಜವಾದ ತೊಡಕು. ಹೆಸರಿಲ್ಲದಿದ್ದರೆ ವಿದ್ಯಾರ್ಥಿ ಸತ್ಯ ಬರೆಯುತ್ತಾನೆ. ಆದರೆ ಹೆಸರಿಲ್ಲದ ಕಾರಣಕ್ಕೇ ಅವನನ್ನು ನೀವು ತಲುಪಲಾರಿರಿ. ಈ ಇಕ್ಕಟ್ಟನ್ನು ಪೂರ್ತಿ ಬಿಡಿಸಿದ ಸಮೀಕ್ಷೆಯನ್ನು ನಾನು ಕಂಡಿಲ್ಲ, ನಿಭಾಯಿಸಿದವನ್ನು ಕಂಡಿದ್ದೇನೆ.

ಶುಕ್ರವಾರ ಸಂಜೆ ಲಿಂಕ್ ಕಳಿಸಿದ್ದೀರಿ ಅಂದುಕೊಳ್ಳಿ. ರಾತ್ರಿ ಹನ್ನೊಂದೂವರೆಗೆ ಒಬ್ಬಳು ಕೋಣೆಯಲ್ಲಿ ಒಂಟಿಯಾಗಿ ಕೂತು ಒಂಬತ್ತನೆಯ ಪ್ರಶ್ನೆಗೆ "ಹೆಚ್ಚುಕಡಿಮೆ ಪ್ರತಿದಿನ" ಎಂದು ಒತ್ತುತ್ತಾಳೆ. ಪರದೆಯ ಮೇಲೆ "ಧನ್ಯವಾದಗಳು, ನಿಮ್ಮ ಪ್ರತಿಕ್ರಿಯೆ ದಾಖಲಾಗಿದೆ" ಎಂದು ಬರುತ್ತದೆ. ಸಮಿತಿಯವರು ಆ ಸಾಲನ್ನು ನೋಡುವುದು ಮೂರು ವಾರಗಳ ನಂತರ, ಎಕ್ಸೆಲ್ ಹಾಳೆಯಲ್ಲಿ. ಸಮೀಕ್ಷೆಯ ವಿನ್ಯಾಸವೆಂದರೆ ಮುಖ್ಯವಾಗಿ ಈ ಹುಡುಗಿಯ ಮುಂದಿನ ಐದು ನಿಮಿಷಗಳ ವಿನ್ಯಾಸ ಎಂಬುದು ನನ್ನ ಅಭಿಪ್ರಾಯ.

ಹಾಗಾಗಿ ಆ ಪ್ರಶ್ನೆಗೆ "ಒಮ್ಮೆಯೂ ಇಲ್ಲ" ಎಂಬುದನ್ನು ಬಿಟ್ಟು ಯಾವ ಉತ್ತರ ಬಂದರೂ, ಕೊನೆಯ ಪುಟಕ್ಕೆ ಕಾಯದೆ ಕೂಡಲೇ ನೆರವಿನ ಪುಟ ತೆರೆಯುವಂತೆ ಮಾಡಿ. ಆ ಹೊತ್ತಿನಲ್ಲೂ ಕರೆ ಎತ್ತುವ ಸಹಾಯವಾಣಿಯ ಸಂಖ್ಯೆಯೇ ಅಲ್ಲಿರಲಿ, ಸಮೀಕ್ಷೆ ಶುರುವಾಗುವ ದಿನ ನೀವೇ ಕರೆ ಮಾಡಿ ನೋಡಿ. ಅದರ ಕೆಳಗೆ "ನನ್ನನ್ನು ಯಾರಾದರೂ ಸಂಪರ್ಕಿಸಲಿ" ಎಂಬ ಗುಂಡಿ ಇಡಿ. ಒತ್ತಿದವರ ಫೋನ್ ಸಂಖ್ಯೆ ಬೇರೆಯೇ ಜಾಗಕ್ಕೆ ಹೋಗಬೇಕು. ಅದನ್ನು ಯಾರು, ಎಷ್ಟು ಗಂಟೆಯೊಳಗೆ ನೋಡುತ್ತಾರೆ, ರಜೆಯ ದಿನ ಯಾರ ಪಾಳಿ ಎಂಬುದು ಮೊದಲೇ ಬರೆದಿಟ್ಟಿರಬೇಕು. ಹೆಸರು ಕೊಡುವ, ಕೊಡದಿರುವ ನಿರ್ಧಾರ ಆಗ ಅವಳ ಕೈಯಲ್ಲೇ ಉಳಿಯುತ್ತದೆ. ಲಿಂಕ್ ಕಳಿಸುವುದು ವಾರದ ಆರಂಭದಲ್ಲಿರಲಿ.

ಇಷ್ಟು ವ್ಯವಸ್ಥೆ ಸಾಧ್ಯವಿಲ್ಲ ಎಂದಾದರೆ ಆ ಒಂದು ಪ್ರಶ್ನೆ ಬಿಟ್ಟ ಪಿಎಚ್‌ಕ್ಯು-8 ಬಳಸಿ. 10 ಅಥವಾ ಹೆಚ್ಚು ಅಂಕ ಬಂದರೆ ಮುಂದಿನ ತಪಾಸಣೆ ಬೇಕು ಎನ್ನುವ ಪಿಎಚ್‌ಕ್ಯು-9ರ ಗಡಿ ಅದಕ್ಕೂ ಅನ್ವಯಿಸುತ್ತದೆ. ಕೇಳಿ ಸುಮ್ಮನಿರುವುದಕ್ಕಿಂತ ಕೇಳದಿರುವುದೇ ಪ್ರಾಮಾಣಿಕ. ಆದರೂ ಸಹಾಯವಾಣಿಯ ಸಂಖ್ಯೆ ಪ್ರತಿ ಪುಟದ ಅಡಿಯಲ್ಲಿರಲಿ.

ಪ್ರಶ್ನೆ: ನಾನು ವಿದ್ಯಾರ್ಥಿನಿ. ಸಮೀಕ್ಷೆಯಲ್ಲಿ ಹೆಸರು ಕೇಳಿಲ್ಲ, ಆದರೆ ವಿಭಾಗ, ವರ್ಷ, ಲಿಂಗ, ವಯಸ್ಸು ಎಲ್ಲ ಕೇಳಿದ್ದಾರೆ. ನಮ್ಮ ವಿಭಾಗದಲ್ಲಿ ಎರಡನೇ ವರ್ಷದ ಹುಡುಗಿಯರು ಇರುವುದೇ ಮೂವರು. ತುಂಬಬೇಕೇ?

ನಿಮ್ಮ ಅನುಮಾನ ಸರಿಯಾಗಿದೆ. ಅಂಥ ನಾಲ್ಕು ವಿವರಗಳು ಸೇರಿದರೆ ಹೆಸರು ಬರೆದಷ್ಟೇ ಆಯಿತು. ಸಮೀಕ್ಷೆ ನಡೆಸುವವರನ್ನು ಮೂರು ವಿಷಯ ಕೇಳಿ: ಮೂಲ ದತ್ತಾಂಶ ಯಾರ ಕೈಗೆ ಹೋಗುತ್ತದೆ, ವಿಭಾಗದ ಮುಖ್ಯಸ್ಥರಿಗೆ ಸಿಗುತ್ತದೆಯೇ, ತೀರಾ ಸಣ್ಣ ಗುಂಪುಗಳ ಫಲಿತಾಂಶವನ್ನು ಮರೆಮಾಡುತ್ತಾರೆಯೇ. ಹತ್ತಕ್ಕಿಂತ ಕಡಿಮೆ ಜನರಿರುವ ಗುಂಪಿನ ಅಂಕಿಅಂಶ ಹೊರಗೆ ಬಿಡದಿರುವುದು ಒಳ್ಳೆಯ ರೂಢಿ. ಲಾಗಿನ್ ಆಗಿಯೇ ತುಂಬಬೇಕಾದ ಫಾರ್ಮ್ ಆದರೆ ಇಮೇಲ್ ವಿಳಾಸ ದಾಖಲಾಗುತ್ತಿದೆಯೇ ಎಂದೂ ಕೇಳಿ. ತೃಪ್ತಿಕರ ಉತ್ತರ ಬರದಿದ್ದರೆ ವಿಭಾಗದ ಪ್ರಶ್ನೆಯನ್ನು ಖಾಲಿ ಬಿಡಿ. ಖಾಲಿ ಬಿಡಲು ಬಿಡದ ಫಾರ್ಮನ್ನು ತುಂಬದಿರುವ ಹಕ್ಕು ನಿಮಗಿದೆ, ಅದಕ್ಕೆ ಯಾರೂ ಕಾರಣ ಕೇಳಬಾರದು. ತರಗತಿಯಲ್ಲಿ ಮೇಷ್ಟ್ರು ಎದುರು ನಿಂತು "ಎಲ್ಲರೂ ಈಗಲೇ ತುಂಬಿ" ಅನ್ನುವುದು ಒಪ್ಪಿಗೆಯಲ್ಲ.

ಪ್ರಶ್ನೆ: ನಮ್ಮ ಸಮೀಕ್ಷೆಯಲ್ಲಿ ಐದರಲ್ಲಿ ಒಬ್ಬರಿಗೆ ಪಿಎಚ್‌ಕ್ಯು-9ರಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದಿದೆ. "ಶೇ 20 ವಿದ್ಯಾರ್ಥಿಗಳಿಗೆ ಖಿನ್ನತೆ" ಎಂದು ವರದಿ ಕೊಡಬಹುದೇ?

ಕೊಡಬೇಡಿ. ಪಿಎಚ್‌ಕ್ಯು-9 ಒಂದು ಜರಡಿ ಮಾತ್ರ, ರೋಗ ನಿರ್ಣಯ ವೈದ್ಯರ ಸಂದರ್ಶನದಿಂದ ಆಗುವಂಥದ್ದು. ಲೆಕ್ಕ ಹಾಕಿ ನೋಡಿ. 2001ರ ಮೂಲ ಅಧ್ಯಯನದಲ್ಲಿ 10ರ ಗಡಿಯಲ್ಲಿ ಈ ಮಾಪನ ಖಿನ್ನತೆ ಇದ್ದವರಲ್ಲಿ ಶೇ 88 ಮಂದಿಯನ್ನು ಹಿಡಿಯಿತು, ಇಲ್ಲದವರಲ್ಲಿ ಶೇ 88 ಮಂದಿಯನ್ನು ಸರಿಯಾಗಿ ಬಿಟ್ಟಿತು. ನಿಮ್ಮ ಸಾವಿರ ವಿದ್ಯಾರ್ಥಿಗಳಲ್ಲಿ ನಿಜಕ್ಕೂ ಖಿನ್ನತೆ ಇರುವವರು 100 ಎಂದಿಟ್ಟುಕೊಳ್ಳಿ. ಅವರಲ್ಲಿ 88 ಮಂದಿ ಸಿಗುತ್ತಾರೆ. ಉಳಿದ 900ರಲ್ಲಿ ಶೇ 12, ಅಂದರೆ 108 ಮಂದಿ ಖಿನ್ನತೆ ಇಲ್ಲದೆಯೂ ಗಡಿ ದಾಟುತ್ತಾರೆ. ಒಟ್ಟು 196. ಸತ್ಯ ಹತ್ತರಲ್ಲಿ ಒಬ್ಬರು, ನಿಮ್ಮ ಕೈಗೆ ಸಿಕ್ಕಿದ್ದು ಐದರಲ್ಲಿ ಒಬ್ಬರು. ಇದು ಬರಿಯ ಕಾಗದದ ಲೆಕ್ಕವೂ ಅಲ್ಲ. 2020ರಲ್ಲಿ 44 ಅಧ್ಯಯನಗಳ ದತ್ತಾಂಶ ಒಗ್ಗೂಡಿಸಿ ನೋಡಿದಾಗ ಪಿಎಚ್‌ಕ್ಯು-9ರ ಪ್ರಕಾರ ಸುಮಾರು ಶೇ 25 ಮಂದಿ, ಸಂದರ್ಶನದ ಪ್ರಕಾರ ಸುಮಾರು ಶೇ 12 ಮಂದಿ ಎಂದು ಬಂತು.

"ಶೇ 20 ವಿದ್ಯಾರ್ಥಿಗಳಲ್ಲಿ ಮುಂದಿನ ತಪಾಸಣೆ ಬೇಕೆನ್ನುವಷ್ಟು ಲಕ್ಷಣಗಳು ಕಂಡವು" ಎಂದು ಬರೆಯಿರಿ. ಪಕ್ಕದಲ್ಲೇ ಎಷ್ಟು ಜನರಿಗೆ ಕಳಿಸಿದಿರಿ, ಎಷ್ಟು ಜನ ಉತ್ತರಿಸಿದರು ಎಂಬುದೂ ಇರಲಿ. ವಿಶ್ವ ಆರೋಗ್ಯ ಸಂಸ್ಥೆ ಎಂಟು ದೇಶಗಳ 19 ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳ ಸಮೀಕ್ಷೆ ನಡೆಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿತು. ಅಷ್ಟು ದೊಡ್ಡ ಯೋಜನೆಯಲ್ಲೂ ಉತ್ತರಿಸಿದವರು ಅರ್ಧಕ್ಕಿಂತ ಕಡಿಮೆ. ಉತ್ತರಿಸದವರು ಹೇಗಿದ್ದಾರೆ ಎಂಬುದು ಯಾವ ದಿಕ್ಕಿಗೂ ಇರಬಹುದು: ಚೆನ್ನಾಗಿರುವವನಿಗೆ ವಿಷಯ ತನಗೆ ಸಂಬಂಧಿಸಿದ್ದಲ್ಲ ಅನಿಸುತ್ತದೆ, ತೀರಾ ಕುಗ್ಗಿದವನಿಗೆ ಇಮೇಲ್ ತೆರೆಯುವ ಚೈತನ್ಯವೇ ಇರುವುದಿಲ್ಲ.

ಇನ್ನೊಂದು ಮಾತು. ಈ ಸಲ ಪರೀಕ್ಷೆಯ ಮುಂಚಿನ ವಾರ ಕೇಳಿ ಮುಂದಿನ ವರ್ಷ ರಜೆ ಮುಗಿದ ಕೂಡಲೇ ಕೇಳಿದರೆ, ನಿಮ್ಮ ಯಾವ ಯೋಜನೆಯ ನೆರವೂ ಇಲ್ಲದೆ ಫಲಿತಾಂಶ ಸುಧಾರಿಸಬಹುದು. ಕೇಳುತ್ತಿರುವುದು ಕಳೆದ ಎರಡು ವಾರಗಳ ಮಾತು ತಾನೆ? ಪ್ರತಿ ವರ್ಷ ಶೈಕ್ಷಣಿಕ ವೇಳಾಪಟ್ಟಿಯ ಅದೇ ವಾರದಲ್ಲಿ ಕೇಳಿ.

ಪ್ರಶ್ನೆ: ಉತ್ತರಿಸುವವರನ್ನು ಹೆಚ್ಚಿಸಲು ಲಾಟರಿ ಎತ್ತಿ ಗಿಫ್ಟ್ ಕೂಪನ್ ಕೊಡುವುದು ತಪ್ಪೇ?

ತಪ್ಪಿಲ್ಲ, ಬಹುಮಾನ ಚಿಕ್ಕದಾಗಿರಲಿ. ಆದರೆ ಕೂಪನ್ ಕಳಿಸಲು ಫೋನ್ ಸಂಖ್ಯೆ ಬೇಕು, ಅದು ಸಮೀಕ್ಷೆಯ ಫಾರ್ಮಿನೊಳಗೆ ಇರಬಾರದು. ಕೊನೆಯ ಪುಟದಲ್ಲಿ ಎರಡನೆಯ ಫಾರ್ಮಿನ ಲಿಂಕ್ ಕೊಡಿ. ಎರಡೂ ಫಾರ್ಮ್‌ಗಳಲ್ಲಿ ಸಲ್ಲಿಸಿದ ಸಮಯ ತಾನಾಗಿ ದಾಖಲಾಗುತ್ತದೆ ಎಂಬುದು ಹಲವರಿಗೆ ಹೊಳೆಯುವುದಿಲ್ಲ. 11:42ಕ್ಕೆ ಸಮೀಕ್ಷೆ, 11:43ಕ್ಕೆ ಫೋನ್ ಸಂಖ್ಯೆ ಬಂದಿದ್ದರೆ ಯಾರ ಉತ್ತರ ಯಾವುದೆಂದು ಜೋಡಿಸಲು ಜಾಣತನವೇನೂ ಬೇಡ. ಸಾಧ್ಯವಿದ್ದರೆ ಸಮಯ ದಾಖಲಾಗುವುದನ್ನೇ ನಿಲ್ಲಿಸಿ. ಇಲ್ಲವಾದರೆ ಎರಡೂ ಫಾರ್ಮ್‌ಗಳನ್ನು ಒಬ್ಬರೇ ತೆರೆಯಲಾಗದಂತೆ ಬೇರೆ ಬೇರೆಯವರಿಗೆ ಒಪ್ಪಿಸಿ. ವಿಶ್ಲೇಷಣೆ ಮಾಡುವವರಿಗೆ ಸಮಯದ ಕಾಲಂ ಅಳಿಸಿ, ಸಾಲುಗಳನ್ನು ಕಲಸಿದ ಪ್ರತಿಯನ್ನಷ್ಟೇ ಕೊಡಿ.