ನಾನು ಒಪ್ಪಿಲ್ಲ, ಕಂದಾಯ ಯಾಕೆ ಕಟ್ಟಬೇಕು?

ಪ್ರಶ್ನೆ: ಹೋದ ಬೇಸಿಗೆಯಲ್ಲಿ ಊರವರೇ ಮನೆಗಿಷ್ಟು ಅಂತ ಚಂದಾ ಎತ್ತಿ, ಜೆಸಿಬಿ ತರಿಸಿ ಕೆರೆ ಹೂಳು ತೆಗೆಸಿದೆವು. ಸರ್ಕಾರದಿಂದ ಒಂದು ಪೈಸೆ ಬರಲಿಲ್ಲ. ಮರುವಾರವೇ ಪಂಚಾಯಿತಿಯಿಂದ ಮನೆ ಕಂದಾಯದ ನೋಟಿಸ್ ಬಂತು. ನನ್ನ ಮಗ ವಾಲಂಟರಿಯಿಸಂ ಅಂತಾನೆ. ಎಲ್ಲವೂ ಜನರ ಇಷ್ಟದಿಂದಲೇ ನಡೀಬೇಕು, ಒಪ್ಪಿಗೆ ಇಲ್ಲದೆ ತೆರಿಗೆ ಕೇಳೋದು ಕಳ್ಳತನ ಅನ್ನೋದು ಅವನ ವಾದ. ಸರಿಯಲ್ವಾ?
— ಓದುಗರೊಬ್ಬರು, ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ

ಉತ್ತರ: ಸುಮ್ನೆ ತಳ್ಳಿಹಾಕುವ ವಾದ ಅಲ್ಲ ಅದು. ನಾನು ಸಹಿ ಹಾಕದ ಕರಾರಿಗೆ ನಾನು ಹೇಗೆ ಬದ್ಧ ಅಂತ ಅಮೆರಿಕದ ವಕೀಲ ಲೈಸಾಂಡರ್ ಸ್ಪೂನರ್ 1870ರಲ್ಲೇ ತನ್ನ ದೇಶದ ಸಂವಿಧಾನದ ಬಗ್ಗೆ ಕೇಳಿದ್ದ. ಓಟು ಹಾಕಿದರೆ ಒಪ್ಪಿದ ಹಾಗೆ ಅನ್ನುವ ಉತ್ತರ ನನಗೂ ಸಾಲದು. ಓಟು ಹಾಕದವರೂ ತೆರಿಗೆ ಕಟ್ಟಬೇಕಲ್ಲ!

ಆದರೆ ಮಗನಿಗೆ ಒಂದು ಮಾತು ಹೇಳಿ. ವಾಲಂಟರಿಯಿಸಂ ಅನ್ನುವ ಹೆಸರನ್ನು ಬಳಕೆಗೆ ತಂದ ಇಂಗ್ಲೆಂಡಿನ ಆಬರನ್ ಹರ್ಬರ್ಟ್ (1838–1906) ತೆರಿಗೆ ಕೊಡುವವರ ಇಷ್ಟಕ್ಕೆ ಬಿಡಿ ಅಂದನೇ ಹೊರತು ಸರ್ಕಾರವೇ ಬೇಡ ಅನ್ನಲಿಲ್ಲ. ಜೀವ, ಆಸ್ತಿ ಕಾಯೋಕೆ ಅದು ಇರಲಿ ಅಂದ.

ಈಗ ನಿಮ್ಮ ಕೆರೆಗೆ ಬರೋಣ. ಹಿಂದೆ ತೂಬು ಎತ್ತಿ, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿ ಪ್ರಕಾರ ನೀರು ಹಾಯಿಸುತ್ತಿದ್ದವನು ನೀರುಗಂಟಿ. ಅವನ ಕೂಲಿ ಕಣದಲ್ಲೇ, ಧಾನ್ಯದಲ್ಲಿ. ಮಗನಿಗೆ ಇದು ಒಳ್ಳೇ ಮಾದರಿ ಅನ್ನಿಸಬಹುದು. ಆದರೆ ರಾತ್ರೋರಾತ್ರಿ ಕಾಲುವೆ ಒಡೆದು ನೀರು ತಿರುಗಿಸಿಕೊಂಡವನಿಗೆ ಊರು ದಂಡ ಹಾಕುತ್ತಿತ್ತು. ಇನ್ನು ನೀರುಗಂಟಿ ಕೆಲಸ ಹಲವು ಊರುಗಳಲ್ಲಿ ದಲಿತ ಮನೆತನಗಳಿಗೆ ಹುಟ್ಟಿನಿಂದಲೇ ಅಂಟಿಕೊಂಡು ಬಂದದ್ದು. ಅವನ ಒಪ್ಪಿಗೆ ಯಾರು ಕೇಳಿದ್ದರು? ವಿಧಾನಸೌಧದಿಂದ ಬಂದರೆ ಮಾತ್ರ ಬಲವಂತ, ಊರಿನದಾದರೆ ಅಲ್ಲ ಅನ್ನೋಕಾಗಲ್ಲ.

ಬೋರ್‌ವೆಲ್ ವಿಷಯ ಇನ್ನೂ ಜಟಿಲ. ಹೂಳು ತೆಗೆಯುವಾಗ ಯಾರು ಚಂದಾ ಕೊಟ್ಟರು, ಯಾರು ತಪ್ಪಿಸಿಕೊಂಡರು ಎಲ್ಲರಿಗೂ ಕಾಣುತ್ತೆ. ನೆಲದಡಿಯ ನೀರು ಹಾಗಲ್ಲ. ನಿಮ್ಮ ಬೋರು 900 ಅಡಿ ಅಂದುಕೊಳ್ಳಿ. ಪಕ್ಕದ ಹೊಲದವರು 1,200 ಅಡಿ ಕೊರೆಸಿದರು. ಒಂದು ಬೆಳಿಗ್ಗೆ ಮೋಟಾರ್ ಹಾಕಿದರೆ ಪೈಪಲ್ಲಿ ಬರೀ ಗಾಳಿ. ಅವರು ನಿಮ್ಮ ಜಮೀನಿಗೆ ಕಾಲೂ ಇಟ್ಟಿಲ್ಲ. ಕದ್ದರಾ, ಇಲ್ವಾ? ಸರ್ಕಾರ ಹುಟ್ಟುವ ಮೊದಲೇ ಮನುಷ್ಯನಿಗೆ ಹಕ್ಕುಗಳಿವೆ ಅನ್ನುವ ನೈಸರ್ಗಿಕ ನಿಯಮದ ವಾದವನ್ನು 1689ರಲ್ಲಿ ಮಂಡಿಸಿದ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಒಂದು ಷರತ್ತು ಸೇರಿಸಿದ್ದ. ದುಡಿದು ಪಡೆದದ್ದು ನಿನ್ನದು, ಆದರೆ ಬೇರೆಯವರಿಗೂ ಸಾಕಷ್ಟು ಉಳಿದಿರಬೇಕು, ಅಷ್ಟೇ ಒಳ್ಳೆಯದೂ ಇರಬೇಕು. ಜಾಸ್ತಿ ಜನ ಮೊದಲರ್ಧ ಹೇಳಿ ನಿಲ್ಲಿಸ್ತಾರೆ. ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲದ ಕೋಲಾರದಲ್ಲಿ ಎರಡನೇ ಅರ್ಧವೇ ಮುಖ್ಯ. ಉಳಿದದ್ದನ್ನು ಅಳೆಯೋಕೆ, ಮೀರಿದವರನ್ನು ತಡೆಯೋಕೆ ಎಲ್ಲರಿಗೂ ಹೊರಗಿನವರಾದ ಒಬ್ಬರು ಬೇಕು. ನನ್ನ ಪ್ರಕಾರ ಸರ್ಕಾರ ಇರಬೇಕಾದದ್ದು ಇಂಥದ್ದಕ್ಕೆ. ಕರ್ನಾಟಕದ 2011ರ ಅಂತರ್ಜಲ ಕಾಯ್ದೆ ಪ್ರಕಾರ ಅಧಿಸೂಚಿತ ಪ್ರದೇಶದಲ್ಲಿ, ಅಂದರೆ ಸರ್ಕಾರ ಗುರುತಿಸಿ ಪ್ರಕಟಿಸಿದ ಕಡೆ, ಬೋರು ಕೊರೆಸೋಕೆ ಅನುಮತಿ ಬೇಕು. ಅದು ಹೇಗೆ ಜಾರಿಯಲ್ಲಿದೆ ಅಂತ ನಿಮಗೇ ಗೊತ್ತು. ಅಲ್ಲಿ ಮಗನ ಸಿಟ್ಟಿಗೆ ನನ್ನ ಬೆಂಬಲವೂ ಇದೆ.

ನೋಟಿಸ್ ವಿಷಯ ಸರಳ. ಕಾನೂನಿನ ಆಧಾರ ಇಲ್ಲದೆ ತೆರಿಗೆ ಹಾಕುವಂತಿಲ್ಲ ಅನ್ನುತ್ತೆ ಸಂವಿಧಾನದ 265ನೇ ವಿಧಿ. ಮನೆ ಕಂದಾಯಕ್ಕೆ 1993ರ ಪಂಚಾಯತ್ ರಾಜ್ ಕಾಯ್ದೆಯ ಆಧಾರ ಇದೆ. ಕಟ್ಟಿಬಿಡಿ, ರಸೀದಿ ಇಸ್ಕೊಳ್ಳಿ. ಮುಂದಿನ ಗ್ರಾಮಸಭೆಗೆ ಮಗನನ್ನೂ ಕರ್ಕೊಂಡು ಹೋಗಿ. ಕಂದಾಯದ ದುಡ್ಡಲ್ಲಿ ಕೆರೆಗೆ ಎಷ್ಟು ಹೋಯ್ತು ಅಂತ ಅವನೇ ಎದ್ದು ನಿಂತು ಕೇಳಲಿ.